ಜಾಲತಾಣಕ್ಕೊಂದು ನೆಲೆ

ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ನಗರದ ಹೊರವಲಯದಲ್ಲಿ ಸರ್ನ್ ಎಂಬ ಪ್ರಸಿದ್ಧ ಸಂಶೋಧನ ಸಂಸ್ಥೆಯೊಂದಿದೆ. ಪರಮಾಣುವಿನ ಗರ್ಭದಲ್ಲಿ ಅಡಗಿರುವ ಸೂಕ್ಷ್ಮ ಕಣಗಳ ಅಧ್ಯಯನವೇ ಅಲ್ಲಿನ ವಿಜ್ಞಾನಿಗಳ ಮುಖ್ಯ ಕಾರ್ಯ. ಆ ಸಂಸ್ಥೆಯು ಜೋಪಾನವಾಗಿ ಉಳಿಸಿಕೊಂಡು ಬಂದಿರುವ ವಸ್ತುಗಳಲ್ಲಿ ಕಪ್ಪು ಬಣ್ಣದ ಹಳೆಯ ಗಣಕಯಂತ್ರವೊಂದು ಸೇರಿದೆ. ಅದರ ಮೈಮೇಲೆ ಒಂದು ಚೀಟಿಯನ್ನು ಅಂಟಿಸಲಾಗಿದೆ. ಈ ಯಂತ್ರವು ಒಂದು ಸರ್ವರ್ ಎಂದೂ ಯಾರೂ ಇದನ್ನು ಆರಿಸಕೂಡದೆಂದೂ ಆ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಕೈಬರಹದ ಎಚ್ಚರಿಕೆಯಿದೆ.

ಆ ಯಂತ್ರವನ್ನು ಬಳಸುತ್ತಿದ್ದವರು ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿ. ಬೇರೆ ಬೇರೆ ಗಣಕಯಂತ್ರಗಳಲ್ಲಿ ಚದುರಿಹೋಗಿದ್ದ ಬರಹಗಳನ್ನು ಒಂದಕ್ಕೊಂದು ಹೆಣೆದು, ಯಾರು ಎಲ್ಲಿಂದ ಬೇಕಾದರೂ ಓದುವಂತೆ ಮಾಡುವ ಯೋಜನೆಯೊಂದನ್ನು ಅವರು 1989ರಲ್ಲಿ ಮುಂದಿಟ್ಟರು. 1990ರ ಕೊನೆಯ ಹೊತ್ತಿಗೆ ಆ ಯೋಜನೆಯು ಕಾರ್ಯರೂಪಕ್ಕೆ ಬಂದಿತು. ಇಂದು ಜಗತ್ತಿನ ಮೂಲೆಮೂಲೆಯನ್ನೂ ಮುಟ್ಟಿರುವ ವಿಶ್ವವ್ಯಾಪಿ ಜಾಲದ ಹುಟ್ಟು ಅದೇ. ಆಗ ಜಾಲದ ಪುಟಗಳೆಲ್ಲವೂ ಆ ಒಂದೇ ಯಂತ್ರದಲ್ಲಿದ್ದವು. ತಿಳಿಯದವರು ಯಾರಾದರೂ ಸಂಜೆ ಮನೆಗೆ ಹೊರಡುವಾಗ ಅದರ ಗುಂಡಿಯನ್ನು ಒತ್ತಿಬಿಟ್ಟಿದ್ದರೆ ಜಾಲವೇ ಆರಿಹೋಗುತ್ತಿತ್ತು. ಆ ಚೀಟಿಗೆ ಕಾರಣ ಇದು.

ಆ ಪುಟ್ಟ ಚೀಟಿಯು ಸಾರುವ ಸತ್ಯವು ಇಂದಿಗೂ ಬದಲಾಗಿಲ್ಲ. ಜಾಲತಾಣವೊಂದು ಗಾಳಿಯಲ್ಲಿ ತೇಲುವ ವಸ್ತುವಲ್ಲ. ಅದು ಭೂಮಿಯ ಮೇಲಿನ ಯಾವುದೋ ಊರಿನ, ಯಾವುದೋ ಕಟ್ಟಡದ, ಯಾವುದೋ ಯಂತ್ರದಲ್ಲಿ ನೆಲೆಸಿರುತ್ತದೆ. ಆ ಯಂತ್ರವನ್ನು ಯಾರಾದರೊಬ್ಬರು ಹಗಲೂ ಇರುಳೂ ಕಾಯುತ್ತಿರಬೇಕಾಗುತ್ತದೆ. ಜಾಲತಾಣಕ್ಕೆ ಹೀಗೆ ನೆಲೆ ಕೊಡುವ ಕಾರ್ಯಕ್ಕೆ ಹೋಸ್ಟಿಂಗ್ ಎಂದು ಹೆಸರು. ಆತಿಥೇಯನ ಕೆಲಸ ಎಂಬುದು ಆ ಪದದ ಅರ್ಥ. ಅತಿಥಿಗೆ ಮನೆಯೊಳಗೆ ಸ್ಥಳ ಕೊಡುವುದು ಒಂದು, ಅವನ ಯೋಗಕ್ಷೇಮವನ್ನು ನೋಡಿಕೊಳ್ಳುವುದು ಇನ್ನೊಂದು. ಹೋಸ್ಟಿಂಗಿನಲ್ಲಿಯೂ ಈ ಎರಡು ಅಂಶಗಳಿವೆ.

ಓದುಗನೊಬ್ಬನು ತನ್ನ ಮೊಬೈಲಿನಲ್ಲಿ ಜಾಲತಾಣದ ಹೆಸರನ್ನು ಬರೆದಾಗ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಆ ಹೆಸರು ಮನುಷ್ಯರ ಅನುಕೂಲಕ್ಕಾಗಿ ಇರುವುದು. ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿಗಳಿಂದಾದ ಆ ಗುರುತಿಗೆ ಐ.ಪಿ. ವಿಳಾಸ ಎನ್ನುತ್ತಾರೆ. ಮೊದಲು ಹೆಸರಿಗೆ ತಕ್ಕ ವಿಳಾಸವನ್ನು ಹುಡುಕಲಾಗುತ್ತದೆ. ಬಳಿಕ 'ಇಂಥ ಪುಟವನ್ನು ಕಳುಹಿಸು' ಎಂಬ ಕೋರಿಕೆಯು ಆ ವಿಳಾಸದ ಯಂತ್ರಕ್ಕೆ ತಲಪುತ್ತದೆ. ಆ ಯಂತ್ರವು ಪುಟವನ್ನು ಹುಡುಕಿ ಹಿಂದಿರುಗಿಸುತ್ತದೆ. ಗ್ರಂಥಾಲಯದಲ್ಲಿ ಪುಸ್ತಕದ ಹೆಸರನ್ನು ಬರೆದುಕೊಟ್ಟರೆ ಒಳಗಿನಿಂದ ಪುಸ್ತಕವನ್ನು ತಂದುಕೊಡುವ ಸಿಬ್ಬಂದಿಯ ಕೆಲಸವನ್ನು ಇದು ಹೋಲುತ್ತದೆ. ಹೀಗೆ ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಸೇವಕನಾದುದರಿಂದಲೇ ಆ ಯಂತ್ರಕ್ಕೆ ಸರ್ವರ್ ಎಂಬ ಹೆಸರು ಬಂದಿದೆ.

ಗ್ರಂಥಾಲಯಕ್ಕೂ ಸರ್ವರಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಗ್ರಂಥಾಲಯವು ಸಂಜೆ ಬಾಗಿಲು ಹಾಕಬಹುದು. ಸರ್ವರಿಗೆ ಬಿಡುವಿಲ್ಲ. ಬೆಂಗಳೂರಿನಲ್ಲಿ ನಡುರಾತ್ರಿಯಾಗಿರುವಾಗ ಅಮೆರಿಕದ ಕನ್ನಡಿಗನೊಬ್ಬನು ಊರಿನ ಸುದ್ದಿಯನ್ನು ಓದಲು ಕುಳಿತಿರಬಹುದು. ಆದುದರಿಂದ ಸರ್ವರಿಗೆ ಎಡೆಬಿಡದ ವಿದ್ಯುತ್ತು ಬೇಕು. ಒಂದು ವಿದ್ಯುತ್ ಮಾರ್ಗವು ಕೈಕೊಟ್ಟರೆ ಕ್ಷಣಮಾತ್ರದಲ್ಲಿ ನೆರವಿಗೆ ಬರುವ ಬ್ಯಾಟರಿಗಳೂ ಡೀಸೆಲ್ ಜನರೇಟರುಗಳೂ ಬೇಕು. ಯಂತ್ರಗಳು ದುಡಿಯುವಾಗ ಬಿಸಿಯಾಗುವುದರಿಂದ ಅವನ್ನು ತಣಿಸುವ ವ್ಯವಸ್ಥೆ ಬೇಕು. ವೇಗವಾದ ಅಂತರಜಾಲ ಸಂಪರ್ಕ, ಬೆಂಕಿಯಿಂದ ರಕ್ಷಣೆ, ಕಳ್ಳರಿಂದ ಕಾವಲು ಇವೆಲ್ಲವೂ ಬೇಕು. ಇಷ್ಟನ್ನೂ ಒಂದೆಡೆ ಒದಗಿಸಿ, ಸಾವಿರಾರು ಸರ್ವರುಗಳನ್ನು ಕಪಾಟುಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟಿರುವ ಕಟ್ಟಡಕ್ಕೆ ದತ್ತಾಂಶ ಕೇಂದ್ರ ಎಂದು ಹೆಸರು.

ಹೋಸ್ಟಿಂಗಿನಲ್ಲಿ ಹಲವು ವಿಧಗಳಿವೆ. ಅವುಗಳ ಹೆಸರುಗಳನ್ನು ಕೇಳಿದವರಿಗೆ ಗೊಂದಲವಾಗುವುದು ಸಹಜ. ಆದರೆ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಗೊಂದಲವು ಬಹುಮಟ್ಟಿಗೆ ಕಳೆಯುತ್ತದೆ. ಯಂತ್ರದಲ್ಲಿ ಎಷ್ಟು ಭಾಗ ತನ್ನದು, ಎಷ್ಟು ಭಾಗ ಇತರರೊಡನೆ ಹಂಚಿಕೊಂಡದ್ದು ಎಂಬುದು ಮೊದಲನೆಯ ಪ್ರಶ್ನೆ. ಯಂತ್ರವನ್ನು ಕಾಯುವ ಹೊಣೆ ಯಾರದು ಎಂಬುದು ಎರಡನೆಯದು. ವಿಧಗಳೆಲ್ಲವೂ ಈ ಎರಡು ಪ್ರಶ್ನೆಗಳಿಗೆ ದೊರೆಯುವ ಬೇರೆ ಬೇರೆ ಉತ್ತರಗಳೇ ಆಗಿವೆ.

ಜಾಲದ ಮೊದಲ ದಿನಗಳಲ್ಲಿ ಜಾಲತಾಣವನ್ನು ತೆರೆಯುವವರು ತಮ್ಮ ಸ್ವಂತ ಯಂತ್ರವನ್ನು ತಮ್ಮ ಕಟ್ಟಡದಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಯುರೋಪಿನ ಹೊರಗೆ ಮೊದಲ ಜಾಲ ಸರ್ವರ್ ಕೆಲಸಮಾಡತೊಡಗಿದ್ದು 1991ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಣವಿಜ್ಞಾನ ಪ್ರಯೋಗಾಲಯದಲ್ಲಿ. ವಿಶ್ವವಿದ್ಯಾನಿಲಯಗಳಲ್ಲಿ ಯಂತ್ರಗಳೂ ಇದ್ದವು, ಅವನ್ನು ಬಲ್ಲ ಜನರೂ ಇದ್ದರು. ಆದುದರಿಂದ ಅವರಿಗೆ ಇದು ಹೊರೆಯಾಗಲಿಲ್ಲ. ಈ ಪದ್ಧತಿಯಲ್ಲಿ ಸ್ವಾತಂತ್ರ್ಯವು ಸಂಪೂರ್ಣ, ಹೊಣೆಯೂ ಸಂಪೂರ್ಣ. ಊರಿನಲ್ಲಿ ಕರೆಂಟು ಹೋದರೆ ಜಾಲತಾಣವೂ ಕಣ್ಮರೆಯಾಗುತ್ತದೆ. ಯಂತ್ರ ಕೆಟ್ಟರೆ ರಿಪೇರಿ ಮಾಡುವವನು ಬರುವವರೆಗೆ ಓದುಗರು ಕಾಯಬೇಕಾಗುತ್ತದೆ. 1993ರ ಏಪ್ರಿಲಿನಲ್ಲಿ ಸರ್ನ್ ಸಂಸ್ಥೆಯು ಜಾಲದ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕದ ಬಳಕೆಗೆ ಬಿಟ್ಟುಕೊಟ್ಟಿತು. ಅಂಗಡಿಯವರು, ಪತ್ರಿಕೆಗಳು, ಸಂಘಸಂಸ್ಥೆಗಳು ಜಾಲದತ್ತ ಬರತೊಡಗಿದುವು. ಅವರೆಲ್ಲರೂ ಯಂತ್ರವನ್ನು ಕೊಂಡು ಕಾಯುವುದು ಸಾಧ್ಯವಿರಲಿಲ್ಲ. ಆಗ ಹಂಚಿಕೆಯ ಹೋಸ್ಟಿಂಗ್ ಬೆಳೆಯಿತು.

ಹಂಚಿಕೆಯ ಹೋಸ್ಟಿಂಗನ್ನು ಹಳೆಯ ಮೈಸೂರಿನ ವಠಾರಕ್ಕೆ ಹೋಲಿಸಬಹುದು. ವಠಾರಕ್ಕೆ ಹೆಬ್ಬಾಗಿಲು ಒಂದೇ, ಬಾವಿ ಒಂದೇ, ಅಂಗಳ ಒಂದೇ. ಒಳಗೆ ಮಾತ್ರ ಹತ್ತಾರು ಸಂಸಾರಗಳು. ಬಾಡಿಗೆ ಕಡಮೆ. ಸುಣ್ಣಬಣ್ಣದ ಚಿಂತೆ ವಠಾರದ ಯಜಮಾನನದು. ಹಾಗೆಯೇ ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳು ವಾಸಮಾಡುತ್ತವೆ. ಯಂತ್ರದ ಬೆಲೆಯೂ ಕಾವಲಿನ ವೆಚ್ಚವೂ ಎಲ್ಲರಲ್ಲಿ ಹಂಚಿಹೋಗುವುದರಿಂದ ಪ್ರತಿಯೊಬ್ಬರೂ ತೆರಬೇಕಾದ ಹಣ ಅಲ್ಪ.

ಒಂದೇ ಯಂತ್ರದಲ್ಲಿ ಹಲವು ಜಾಲತಾಣಗಳಿದ್ದರೆ, ಬಂದ ಕೋರಿಕೆ ಯಾರಿಗೆ ಸೇರಿದ್ದೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಮೊದಮೊದಲು ಪ್ರತಿಯೊಂದು ಜಾಲತಾಣಕ್ಕೂ ಒಂದೊಂದು ಐ.ಪಿ. ವಿಳಾಸವನ್ನು ಕೊಡಬೇಕಾಗಿತ್ತು. ಅಂದಿನ ಕ್ರಮದಲ್ಲಿ ಜಗತ್ತಿಗೆಲ್ಲ ಇದ್ದ ವಿಳಾಸಗಳು ಸುಮಾರು 429 ಕೋಟಿ. ಈ ಸಂಖ್ಯೆ ದೊಡ್ಡದಾಗಿ ಕಂಡರೂ ಬೆಳೆಯುತ್ತಿದ್ದ ಜಾಲಕ್ಕೆ ಅದು ಸಾಲದು. 1997ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮಾವಳಿಯು ಈ ತೊಡಕಿಗೆ ಸುಲಭವಾದ ಪರಿಹಾರವನ್ನು ಸೂಚಿಸಿತು. ಕೋರಿಕೆಯನ್ನು ಕಳುಹಿಸುವವರು ತಮಗೆ ಬೇಕಾದ ಜಾಲತಾಣದ ಹೆಸರನ್ನೂ ಕೋರಿಕೆಯೊಳಗೆ ತಪ್ಪದೆ ಬರೆಯಬೇಕೆಂದು ಅದು ವಿಧಿಸಿತು. ವಠಾರದ ಹೆಬ್ಬಾಗಿಲಿನಲ್ಲಿ ನಿಂತವನು ತಾನು ಯಾರ ಮನೆಗೆ ಬಂದವನೆಂದು ಹೇಳಿದರೆ ಸಾಕು, ಕಾವಲುಗಾರನು ಆ ಮನೆಯ ಬಾಗಿಲನ್ನು ತೋರಿಸುತ್ತಾನೆ. ಈ ಒಂದು ಸಾಲಿನ ನಿಯಮದಿಂದ ಒಂದೇ ವಿಳಾಸದಲ್ಲಿ ಸಾವಿರ ಜಾಲತಾಣಗಳು ಇರುವುದು ಸಾಧ್ಯವಾಯಿತು. ಬಡವರೂ ಜಾಲದಲ್ಲಿ ಮನೆಮಾಡಬಹುದಾಯಿತು.

ವಠಾರದ ಕಷ್ಟಗಳೂ ಹಂಚಿಕೆಯ ಹೋಸ್ಟಿಂಗಿಗೆ ತಪ್ಪಿದ್ದಲ್ಲ. ಒಂದು ಮನೆಯಲ್ಲಿ ಮದುವೆಯಾದರೆ ಉಳಿದ ಮನೆಗಳಿಗೆ ಬಾವಿಯ ನೀರು ಸಾಲದಾಗುತ್ತದೆ. ಅದರಂತೆ ಒಂದು ಜಾಲತಾಣಕ್ಕೆ ಏಕಾಏಕಿ ಓದುಗರು ಮುತ್ತಿದರೆ ಅದೇ ಯಂತ್ರದಲ್ಲಿರುವ ಉಳಿದವು ನಿಧಾನವಾಗುತ್ತವೆ. ಒಬ್ಬನು ಬೀಗ ಹಾಕದೆ ಮಲಗಿದರೆ ಕಳ್ಳನ ಭಯ ನೆರೆಯವರಿಗೂ ಉಂಟು. ಯಂತ್ರದ ತಂತ್ರಾಂಶವನ್ನು ತನ್ನ ಇಷ್ಟದಂತೆ ಬದಲಾಯಿಸುವ ಹಕ್ಕು ಯಾರಿಗೂ ಇರುವುದಿಲ್ಲ. ಆದರೂ ದಿನಕ್ಕೆ ನೂರಾರು ಮಂದಿ ನೋಡುವ ಶಾಲೆಯ ಜಾಲತಾಣಕ್ಕೋ ಊರಿನ ಸಂಘದ ಪುಟಗಳಿಗೋ ಇದು ಧಾರಾಳವಾಗಿ ಸಾಲುತ್ತದೆ.

ಹಂಚಿಕೆಯ ಹೋಸ್ಟಿಂಗನ್ನು ಕೆಲವರು ಹಣವಿಲ್ಲದೆಯೂ ಒದಗಿಸುತ್ತಾರೆ. ಜಾಹೀರಾತುಗಳಿಂದ ಬರುವ ಆದಾಯವೇ ಅವರಿಗೆ ಆಧಾರ. ಈ ಬಗೆಯ ಸೇವೆಗಳಲ್ಲಿ 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬುದು ಬಹಳ ಹೆಸರಾಗಿತ್ತು. ಅದು ಜಾಲತಾಣಗಳನ್ನು ವಿಷಯಕ್ಕೆ ತಕ್ಕಂತೆ ಬಡಾವಣೆಗಳಾಗಿ ವಿಂಗಡಿಸಿತ್ತು. ಲಕ್ಷಾಂತರ ಜನರು ತಮ್ಮ ಹವ್ಯಾಸಗಳ ಕುರಿತು, ಊರಿನ ಕುರಿತು, ಅಗಲಿದ ಬಂಧುಗಳ ಕುರಿತು ಅಲ್ಲಿ ಪುಟಗಳನ್ನು ಬರೆದರು. 1999ರಲ್ಲಿ ಯಾಹೂ ಸಂಸ್ಥೆಯು ಅದನ್ನು ಕೊಂಡಿತು. ಕಾಲಕ್ರಮದಲ್ಲಿ ಜನರು ಬೇರೆ ತಾಣಗಳತ್ತ ಸರಿದರು. ಕೆಲವು ತಿಂಗಳುಗಳ ಮುನ್ಸೂಚನೆಯನ್ನು ಕೊಟ್ಟು 2009ರ ಅಕ್ಟೋಬರಿನಲ್ಲಿ ಅಮೆರಿಕದ ಆ ಸೇವೆಯನ್ನು ಮುಚ್ಚಲಾಯಿತು. ಸ್ವಯಂಸೇವಕರು ಹಗಲಿರುಳು ದುಡಿದು ಬಹಳಷ್ಟು ಪುಟಗಳ ಪ್ರತಿಗಳನ್ನು ಉಳಿಸಿದರು. ಉಳಿಯದೆ ಹೋದುವೂ ಅನೇಕ. ಬಾಡಿಗೆಯಿಲ್ಲದ ಮನೆಯಲ್ಲಿರುವವನು ಯಜಮಾನನ ಮನಸ್ಸು ಬದಲಾಗುವ ದಿನಕ್ಕೂ ಸಿದ್ಧನಾಗಿರಬೇಕೆಂಬುದು ಈ ಘಟನೆಯ ಪಾಠ.

ವಠಾರದ ಗದ್ದಲ ಬೇಡ, ಇಡೀ ಮನೆಯನ್ನು ಬಾಡಿಗೆಗೆ ಪಡೆಯುವ ಶಕ್ತಿಯೂ ಇಲ್ಲ ಎನ್ನುವವರಿಗೆ ನಡುವಿನ ದಾರಿಯೊಂದಿದೆ. ಅದೇ ವರ್ಚುವಲ್ ಸರ್ವರ್. ಕನ್ನಡಿಯೊಳಗೆ ಕಾಣುವ ಬಿಂಬವನ್ನು ಭೌತವಿಜ್ಞಾನದಲ್ಲಿ ಮಿಥ್ಯಾ ಪ್ರತಿಬಿಂಬ ಎನ್ನುತ್ತಾರೆ. ವಸ್ತುವು ಅಲ್ಲಿ ಇರುವಂತೆ ತೋರುತ್ತದೆ, ಆದರೆ ನಿಜವಾಗಿ ಇಲ್ಲ. ವರ್ಚುವಲ್ ಸರ್ವರ್ ಕೂಡ ಅಂಥ ಮಿಥ್ಯಾಯಂತ್ರವೇ. ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶವು ದೊಡ್ಡ ಯಂತ್ರವೊಂದರ ಸ್ಮೃತಿಯನ್ನೂ ಸಂಸ್ಕಾರಕದ ಶಕ್ತಿಯನ್ನೂ ಸಂಗ್ರಹಸ್ಥಳವನ್ನೂ ಪಾಲುಮಾಡಿ ಹಂಚುತ್ತದೆ. ಪ್ರತಿಯೊಂದು ಪಾಲೂ ತಾನೇ ಒಂದು ಪೂರ್ಣ ಯಂತ್ರವೆಂಬಂತೆ ವರ್ತಿಸುತ್ತದೆ. ಆದರೆ ಇಲ್ಲಿ ಒಂದು ಭೇದವುಂಟು. ಕನ್ನಡಿಯೊಳಗಿನ ಹಣ್ಣನ್ನು ತಿನ್ನಲಾಗದು. ಮಿಥ್ಯಾಯಂತ್ರವಾದರೋ ನಿಜಯಂತ್ರದ ಕೆಲಸಗಳನ್ನೆಲ್ಲ ಮಾಡಿಕೊಡುತ್ತದೆ.

ಇದು ಇತ್ತೀಚಿನ ಕಲ್ಪನೆಯಲ್ಲ. 1960ರ ದಶಕದಲ್ಲಿಯೇ ಐ.ಬಿ.ಎಂ. ಸಂಸ್ಥೆಯ ಬೃಹತ್ ಗಣಕಯಂತ್ರಗಳಲ್ಲಿ ಇದರ ಪ್ರಯೋಗಗಳು ನಡೆದಿದ್ದವು. ಅಂದು ಒಂದು ಯಂತ್ರದ ಬೆಲೆ ಅಪಾರವಾಗಿದ್ದುದರಿಂದ ಹಲವರು ಅದನ್ನು ಏಕಕಾಲದಲ್ಲಿ ಬಳಸುವ ಉಪಾಯ ಬೇಕಾಗಿತ್ತು. ಮುಂದೆ 1999ರ ವೇಳೆಗೆ ಸಾಮಾನ್ಯ ಗಣಕಯಂತ್ರಗಳಲ್ಲಿಯೂ ಅದು ಸಾಧ್ಯವಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು 2003ರಲ್ಲಿ ಹೊರತಂದ ಜ಼ೆನ್ ಎಂಬ ಹೈಪರ್‌ವೈಸರ್ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ವರ್ಚುವಲ್ ಸರ್ವರಿನಲ್ಲಿ ವಾಸಿಸುವವನಿಗೆ ತನ್ನ ಪಾಲಿನೊಳಗೆ ಪೂರ್ಣ ಸ್ವಾತಂತ್ರ್ಯವಿರುತ್ತದೆ. ಬೇಕಾದ ತಂತ್ರಾಂಶವನ್ನು ತಂದು ಸೇರಿಸಬಹುದು. ನೆರೆಮನೆಯ ಗದ್ದಲ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಆದರೆ ತನ್ನ ಬಾಗಿಲಿನ ಬೀಗವನ್ನು ತಾನೇ ನೋಡಿಕೊಳ್ಳಬೇಕು. ತಂತ್ರಾಂಶದ ದೋಷಗಳನ್ನು ಕಾಲಕಾಲಕ್ಕೆ ಸರಿಪಡಿಸದಿದ್ದರೆ ಅಪಾಯವು ತಪ್ಪದು. ಸ್ವಾತಂತ್ರ್ಯವು ಹೆಚ್ಚಿದಷ್ಟೂ ಹೊಣೆಯೂ ಹೆಚ್ಚುತ್ತದೆ.

ಇಡೀ ಯಂತ್ರವನ್ನೇ ಒಬ್ಬರಿಗೆ ಬಾಡಿಗೆಗೆ ಕೊಡುವ ಪದ್ಧತಿಗೆ ಮೀಸಲು ಸರ್ವರ್ ಎನ್ನಬಹುದು. ಇಲ್ಲಿ ಯಂತ್ರವು ಹೋಸ್ಟಿಂಗ್ ಸಂಸ್ಥೆಯದು, ಅದರ ಶಕ್ತಿಯೆಲ್ಲವೂ ಬಾಡಿಗೆದಾರನದು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಕೊಲೊಕೇಶನ್ ಎಂಬ ಪದ್ಧತಿಯಿದೆ. ಇದರಲ್ಲಿ ಯಂತ್ರವು ಜಾಲತಾಣದವರ ಸ್ವಂತ ಆಸ್ತಿ. ಸ್ಥಳ, ವಿದ್ಯುತ್ತು, ತಂಪು, ಸಂಪರ್ಕ, ಕಾವಲು ಇಷ್ಟನ್ನು ಮಾತ್ರ ದತ್ತಾಂಶ ಕೇಂದ್ರದಿಂದ ಬಾಡಿಗೆಗೆ ಪಡೆಯಲಾಗುತ್ತದೆ. ಮನೆಯ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿ ಇಡುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಒಡವೆ ಮನೆಯವರದು, ಭದ್ರವಾದ ಕೋಣೆ ಬ್ಯಾಂಕಿನದು. ಕೊಲೊಕೇಶನ್ ಇದನ್ನು ಹೋಲುತ್ತದೆ.

ಕನ್ನಡಿಗರು ನಿತ್ಯವೂ ಬಳಸುವ ಕನ್ನಡ ವಿಕಿಪೀಡಿಯವು ಇದಕ್ಕೆ ಒಳ್ಳೆಯ ಉದಾಹರಣೆ. 2003ರಲ್ಲಿ ಆರಂಭವಾದ ಈ ಮುಕ್ತ ವಿಶ್ವಕೋಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡನಾಡಿನ ಅಧ್ಯಾಪಕರು, ವಿದ್ಯಾರ್ಥಿಗಳು, ಹವ್ಯಾಸಿಗಳು ಬರೆದ ಆ ಬರಹಗಳ ನೆಲೆ ಮಾತ್ರ ಬಹುದೂರದಲ್ಲಿದೆ. ವಿಕಿಮೀಡಿಯ ಪ್ರತಿಷ್ಠಾನವು ತನ್ನ ಸ್ವಂತ ಸರ್ವರುಗಳನ್ನು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಾಸ್ ರಾಜ್ಯಗಳ ದತ್ತಾಂಶ ಕೇಂದ್ರಗಳಲ್ಲಿ ಬಾಡಿಗೆಯ ಸ್ಥಳದಲ್ಲಿ ಇಟ್ಟಿದೆ. ಎರಡು ಕಡೆಯೂ ಪೂರ್ಣ ಪ್ರತಿಗಳಿವೆ. ಒಂದು ಕೇಂದ್ರಕ್ಕೆ ಕೆಡುಕಾದರೆ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳುತ್ತದೆ.

ನೆಲೆಯು ದೂರವಿದ್ದರೆ ಓದುಗನಿಗೆ ತೊಂದರೆಯಿಲ್ಲವೆ ಎಂಬ ಸಂದೇಹವು ಇಲ್ಲಿ ಮೂಡಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೆಂಗಳೂರಿನಿಂದ ವರ್ಜೀನಿಯಕ್ಕೆ ಸುಮಾರು 14,000 ಕಿಲೋಮೀಟರ್. ಕೋರಿಕೆ ಹೋಗಿ ಉತ್ತರ ಬರಲು ಕಡಮೆಯೆಂದರೂ ಒಂದು ಸೆಕೆಂಡಿನ ಏಳನೆಯ ಒಂದು ಭಾಗ ಬೇಕು. ಸಮುದ್ರದಡಿಯ ತಂತಿಗಳು ನೇರವಾಗಿ ಸಾಗದಿರುವುದರಿಂದ ನಿಜವಾಗಿ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಪುಟವನ್ನು ತೆರೆಯುವಾಗ ಇಂಥ ಹಲವು ಓಡಾಟಗಳು ನಡೆಯುವುದರಿಂದ ವಿಳಂಬವು ಕಣ್ಣಿಗೆ ಕಾಣುವಷ್ಟಾಗುತ್ತದೆ. ಆದುದರಿಂದ ಮತ್ತೆ ಮತ್ತೆ ಕೇಳಲ್ಪಡುವ ಪುಟಗಳ ಪ್ರತಿಗಳನ್ನು ಓದುಗರಿಗೆ ಹತ್ತಿರದ ಊರುಗಳಲ್ಲಿ ಇಡುವ ಪದ್ಧತಿ ಬಂದಿದೆ. ಏಷ್ಯದ ಓದುಗರಿಗಾಗಿ ವಿಕಿಮೀಡಿಯವು 2018ರಲ್ಲಿ ಸಿಂಗಪುರದಲ್ಲಿ ಅಂಥ ಕೇಂದ್ರವನ್ನು ತೆರೆಯಿತು. ಸಿಂಗಪುರವು ಬೆಂಗಳೂರಿಗೆ ಸುಮಾರು 3,200 ಕಿಲೋಮೀಟರ್ ದೂರದಲ್ಲಿದೆ. ಪ್ರಯಾಣದ ದೂರವು ಕಾಲುಭಾಗಕ್ಕಿಂತಲೂ ಕಡಮೆಯಾಯಿತು.

ಇನ್ನು ಬಹುಚರ್ಚಿತವಾದ ಕ್ಲೌಡ್ ಹೋಸ್ಟಿಂಗಿನ ವಿಷಯ. ಕ್ಲೌಡ್ ಎಂದರೆ ಮೋಡ. ಜಾಲದ ನಕ್ಷೆಗಳನ್ನು ಬರೆಯುವಾಗ ಒಳಗಿನ ವಿವರಗಳನ್ನು ತೋರಿಸದೆ ಮೋಡದ ಚಿತ್ರವನ್ನು ಬರೆದು ಮುಗಿಸುವ ವಾಡಿಕೆ ಇಂಜಿನಿಯರುಗಳಲ್ಲಿ ಇತ್ತು. ಈ ಹೆಸರಿನ ಹಿಂದೆ ಆ ವಾಡಿಕೆಯಿದೆ. ಹೆಸರು ಮೋಡವಾದರೂ ಯಂತ್ರಗಳು ಇರುವುದು ನೆಲದ ಮೇಲೆಯೇ. ಅಮೆಜಾನ್ ಸಂಸ್ಥೆಯು 2006ರಲ್ಲಿ ತನ್ನ ದತ್ತಾಂಶ ಕೇಂದ್ರಗಳ ಸಂಗ್ರಹಸ್ಥಳವನ್ನೂ ಗಣನಶಕ್ತಿಯನ್ನೂ ಬಳಸಿದಷ್ಟಕ್ಕೆ ಮಾತ್ರ ಹಣ ಪಡೆದು ಕೊಡತೊಡಗಿತು. ಅದು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತನ್ನ ನೆಲೆಗಳನ್ನು ತೆರೆದಿದೆ.

ಇದರ ಮರ್ಮವನ್ನು ತಿಳಿಯಲು ವಿದ್ಯುತ್ತಿನ ಇತಿಹಾಸವು ನೆರವಾಗುತ್ತದೆ. ಕೋಲಾರದ ಚಿನ್ನದ ಗಣಿಗಳು ಮೊದಲು ತಮ್ಮ ಯಂತ್ರಗಳನ್ನು ಉಗಿಯ ಬಲದಿಂದ ತಾವೇ ನಡೆಸಿಕೊಳ್ಳಬೇಕಾಗಿತ್ತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿಗಳ ಮೂಲಕ ವಿದ್ಯುತ್ತು ಹರಿದುಬಂದಿತು. ಶಕ್ತಿಯು ಎಲ್ಲೋ ಹುಟ್ಟಿ, ಬೇಕಾದಲ್ಲಿಗೆ ಬೇಕಾದಷ್ಟು ಬಂದು, ಬಳಸಿದಷ್ಟಕ್ಕೆ ಬೆಲೆ ತೆರುವ ವ್ಯವಸ್ಥೆ ಬೆಳೆಯಿತು. ಕ್ಲೌಡ್ ಹೋಸ್ಟಿಂಗ್ ಗಣನಶಕ್ತಿಯನ್ನು ಅದೇ ರೀತಿಯಲ್ಲಿ ಒದಗಿಸುತ್ತದೆ. ಒಂದು ಯಂತ್ರದ ಬದಲು ಸಾವಿರಾರು ಯಂತ್ರಗಳ ಒಟ್ಟು ಶಕ್ತಿಯಿಂದ, ಆ ಗಳಿಗೆಗೆ ಎಷ್ಟು ಬೇಕೋ ಅಷ್ಟನ್ನು ಜಾಲತಾಣವು ಸೆಳೆದುಕೊಳ್ಳುತ್ತದೆ.

ಇದರ ಪ್ರಯೋಜನವು ಎದ್ದು ಕಾಣುವುದು ಪರೀಕ್ಷೆಯ ಫಲಿತಾಂಶದ ದಿನದಂದು. ಕರ್ನಾಟಕದಲ್ಲಿ ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವವರು ಎಂಟು ಲಕ್ಷದ ಆಸುಪಾಸಿನಲ್ಲಿರುತ್ತಾರೆ. ಫಲಿತಾಂಶವು ಪ್ರಕಟವಾದ ಗಳಿಗೆಯಲ್ಲಿ ಅವರೂ ಅವರ ತಂದೆತಾಯಂದಿರೂ ಅಧ್ಯಾಪಕರೂ ಒಟ್ಟಿಗೆ ಒಂದೇ ಬಾಗಿಲನ್ನು ತಟ್ಟುತ್ತಾರೆ. ಮರುವಾರ ಆ ಬಾಗಿಲಿನತ್ತ ಸುಳಿಯುವವರು ವಿರಳ. ಒಂದು ದಿನದ ನೂಕುನುಗ್ಗಲಿಗಾಗಿ ವರ್ಷವಿಡೀ ಬೃಹತ್ ಯಂತ್ರಗಳನ್ನು ಸಾಕುವುದು ದುಂದು. ಸಾಧಾರಣ ಯಂತ್ರವೊಂದನ್ನೇ ನೆಚ್ಚಿದರೆ ಆ ದಿನ ಅದು ಕುಸಿಯುತ್ತದೆ. ಬೇಡಿಕೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ವ್ಯವಸ್ಥೆಯೇ ಇಲ್ಲಿ ಯುಕ್ತವಾದುದು. ಭಾರತ ಸರಕಾರವೂ ತನ್ನ ಇಲಾಖೆಗಳಿಗಾಗಿ ಮೇಘರಾಜ್ ಎಂಬ ಕ್ಲೌಡ್ ವ್ಯವಸ್ಥೆಯನ್ನು ರೂಪಿಸಿದೆ. ಎನ್.ಐ.ಸಿ. ಎಂದು ಪರಿಚಿತವಾಗಿರುವ ಸಂಸ್ಥೆಯು ದೆಹಲಿ, ಹೈದರಾಬಾದು, ಪುಣೆ, ಭುವನೇಶ್ವರಗಳಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ನಡೆಸುತ್ತಿದೆ.

ಕ್ಲೌಡ್ ಹೋಸ್ಟಿಂಗ್ ಸರ್ವರೋಗಗಳಿಗೂ ಮದ್ದಲ್ಲ. ಮೀಟರಿನಂತೆ ಲೆಕ್ಕವಾಗುವುದರಿಂದ ಎಚ್ಚರ ತಪ್ಪಿದರೆ ತಿಂಗಳ ಬಿಲ್ಲು ನಿರೀಕ್ಷೆಯನ್ನು ಮೀರುತ್ತದೆ. ಅಲ್ಲದೆ ಬಹುಮಂದಿ ಒಂದೇ ಆಸರೆಯನ್ನು ನೆಚ್ಚಿದಾಗ ಅದರ ಸಣ್ಣ ತಪ್ಪೂ ಎಲ್ಲರನ್ನೂ ತಟ್ಟುತ್ತದೆ. 2017ರ ಫೆಬ್ರವರಿ 28ರಂದು ಅಮೆಜಾನಿನ ವರ್ಜೀನಿಯದ ಕೇಂದ್ರದಲ್ಲಿ ನೌಕರರೊಬ್ಬರು ಒಂದು ಆಜ್ಞೆಯನ್ನು ತಪ್ಪಾಗಿ ಬರೆದರು. ಕೆಲವೇ ಸರ್ವರುಗಳನ್ನು ಸೇವೆಯಿಂದ ತೆಗೆಯಬೇಕಾಗಿದ್ದಲ್ಲಿ ಬಹಳಷ್ಟು ಹೊರಬಿದ್ದವು. ಅವನ್ನು ಮತ್ತೆ ಹಾದಿಗೆ ತರಲು ಸುಮಾರು ನಾಲ್ಕು ಗಂಟೆಗಳು ಹಿಡಿದುವು. ಅದುವರೆಗೆ ಅಸಂಖ್ಯ ಜಾಲತಾಣಗಳು ಸ್ತಬ್ಧವಾಗಿದ್ದವು.

ಯಾವ ವಿಧವನ್ನು ಆರಿಸಿದರೂ ಯಂತ್ರದ ಆರೈಕೆಯನ್ನು ಸ್ವತಃ ಮಾಡುವುದೋ ಹೋಸ್ಟಿಂಗ್ ಸಂಸ್ಥೆಗೆ ಒಪ್ಪಿಸುವುದೋ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಒಪ್ಪಿಸುವವರು ಕರಾರುಪತ್ರವನ್ನು ಗಮನವಿಟ್ಟು ಓದಬೇಕು. ವರ್ಷದಲ್ಲಿ ನೂರಕ್ಕೆ 99ರಷ್ಟು ಕಾಲ ಜಾಲತಾಣವು ತೆರೆದಿರುತ್ತದೆ ಎಂಬ ಭರವಸೆ ಕೇಳಲು ಹಿತವಾಗಿದೆ. ಲೆಕ್ಕ ಹಾಕಿ ನೋಡಿದರೆ ವರ್ಷದ 8,760 ಗಂಟೆಗಳಲ್ಲಿ ನೂರರ ಒಂದು ಪಾಲೆಂದರೆ 87 ಗಂಟೆ 36 ಮಿನಿಟು. ಮೂರೂವರೆ ದಿನಕ್ಕಿಂತಲೂ ಹೆಚ್ಚು ಕಾಲ ಬಾಗಿಲು ಮುಚ್ಚಿದರೂ ಮಾತು ತಪ್ಪಿದಂತಾಗುವುದಿಲ್ಲ. 99.9ರಷ್ಟು ಎಂದರೆ ಮುಚ್ಚುವ ಕಾಲವು 8 ಗಂಟೆ 45 ಮಿನಿಟುಗಳಿಗೆ ಇಳಿಯುತ್ತದೆ. 99.99ರಷ್ಟಾದರೆ ಅದು 53 ಮಿನಿಟುಗಳನ್ನೂ ಮೀರದು. ಒಂದೊಂದು ದಶಮಾಂಶಕ್ಕೂ ಬೆಲೆಯುಂಟು.

ಬಾಗಿಲು ಕೆಲಕಾಲ ಮುಚ್ಚುವುದಕ್ಕಿಂತ ಘೋರವಾದುದು ಒಳಗಿದ್ದುದು ನಾಶವಾಗುವುದು. 2021ರ ಮಾರ್ಚ್ 10ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಎಂಬ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಐದು ಅಂತಸ್ತಿನ ಕಟ್ಟಡವು ಸುಟ್ಟುಹೋಯಿತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಅಲ್ಲಿದ್ದ ಸರ್ವರುಗಳು ಬೂದಿಯಾದುವು. ತಮ್ಮ ದತ್ತಾಂಶದ ಪ್ರತಿಯನ್ನು ಬೇರೆ ಊರಿನಲ್ಲಿ ಇಟ್ಟಿದ್ದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಪ್ರತಿಯನ್ನೇ ಮಾಡಿರದವರು ವರ್ಷಗಳ ದುಡಿಮೆಯನ್ನು ಕಳೆದುಕೊಂಡರು. ಪ್ರತಿ ಮಾಡಿಸಿದ್ದರೂ ಅದು ಅದೇ ಆವರಣದಲ್ಲಿದ್ದುದರಿಂದ ಮೂಲದೊಡನೆ ಅದನ್ನೂ ಕಳೆದುಕೊಂಡವರಿದ್ದರು. ಒಂದೇ ಮನೆಯ ಎರಡು ಪೆಟ್ಟಿಗೆಗಳಲ್ಲಿ ಇಟ್ಟ ಮಾತ್ರಕ್ಕೆ ಪತ್ರಗಳು ಬೆಂಕಿಯಿಂದ ಪಾರಾಗುವುದಿಲ್ಲ.

ಈ ವಿವೇಕವು ಕನ್ನಡನಾಡಿಗೆ ಹೊಸದಲ್ಲ. ಧವಳಾ ಎಂಬ ಜೈನ ಸಿದ್ಧಾಂತ ಗ್ರಂಥದ ಓಲೆಗರಿಯ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಹಳಗನ್ನಡ ಲಿಪಿಯಲ್ಲಿದ್ದ ಆ ಗರಿಗಳನ್ನು ಊರಿನವರು ಪ್ರಾಣದಂತೆ ಕಾಪಾಡಿದರು. ಆದರೂ ಒಂದು ಬೆಂಕಿಯ ಕಿಡಿ, ಒಂದು ಗೆದ್ದಲಿನ ಹುತ್ತ ಅದನ್ನು ಲೋಕದಿಂದ ಅಳಿಸಿಬಿಡಬಹುದಾಗಿತ್ತು. ಪ್ರತಿಗಳು ಹೊರಬಂದು ಇಪ್ಪತ್ತನೆಯ ಶತಮಾನದಲ್ಲಿ ಗ್ರಂಥವು ಅಚ್ಚಾದ ಮೇಲೆಯೇ ಆ ಭಯವು ನೀಗಿತು. ಕಾವಲುಗಾರನ ನಿಷ್ಠೆಯು ದೊಡ್ಡದು. ಅದರ ಜೊತೆಗೆ ದೂರದಲ್ಲಿ ಇನ್ನೊಂದು ಪ್ರತಿಯೂ ಇದ್ದರೆ ಮಾತ್ರ ಬರಹವು ನಿರ್ಭಯವಾಗಿರುತ್ತದೆ.

ಸಣ್ಣ ಜಾಲತಾಣಕ್ಕೆ ವಠಾರದ ಮನೆ ಸಾಕು. ಬೆಳೆಯುತ್ತಿರುವುದಕ್ಕೆ ವರ್ಚುವಲ್ ಸರ್ವರ್ ಅನುಕೂಲ. ದೊಡ್ಡ ಸಂಸ್ಥೆಗೆ ಮೀಸಲು ಯಂತ್ರವೋ ಸ್ವಂತ ಯಂತ್ರವೋ ಬೇಕಾಗಬಹುದು. ಜನರ ದಟ್ಟಣೆ ಏರಿಳಿಯುವಲ್ಲಿ ಕ್ಲೌಡ್ ಒದಗಿಬರುತ್ತದೆ. ಇವುಗಳಲ್ಲಿ ಮೇಲು ಕೀಳೆಂಬುದಿಲ್ಲ. ಅಗತ್ಯವನ್ನೂ ಶಕ್ತಿಯನ್ನೂ ಅರಿತು ಆರಿಸಿದುದೇ ಸರಿಯಾದ ಆಯ್ಕೆ. ಆದರೆ ಯಾವ ವಿಧದಲ್ಲಿಯೂ ಸಂಪೂರ್ಣವಾಗಿ ಇತರರಿಗೆ ಒಪ್ಪಿಸಲಾಗದ ಹೊಣೆಯೊಂದು ಉಳಿದೇ ಉಳಿಯುತ್ತದೆ. ತನ್ನ ಬರಹ ಎಲ್ಲಿದೆ, ಯಾರ ವಶದಲ್ಲಿದೆ, ಅದರ ಇನ್ನೊಂದು ಪ್ರತಿ ಎಲ್ಲಿದೆ ಎಂಬುದನ್ನು ಬರೆದವನೇ ತಿಳಿದಿರಬೇಕು. ಸರ್ನ್ ಸಂಸ್ಥೆಯ ಆ ಹಳೆಯ ಯಂತ್ರದ ಮೇಲೆ ಚೀಟಿ ಅಂಟಿಸಿದವರಿಗೆ ಈ ಅರಿವು ಇತ್ತು. ಯಂತ್ರವು ಕಣ್ಣೆದುರಿಗೇ ಇದ್ದುದರಿಂದ ಅವರಿಗೆ ಒಂದು ಚೀಟಿ ಸಾಕಾಯಿತು. ಯಂತ್ರಗಳು ಕಣ್ಣಿಗೆ ಕಾಣದಷ್ಟು ದೂರ ಸರಿದಿರುವ ಈ ಕಾಲದಲ್ಲಿ ಆ ಎಚ್ಚರಿಕೆಯನ್ನು ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿಯೇ ಬರೆದಿಟ್ಟುಕೊಳ್ಳಬೇಕಾಗಿದೆ.